ಮೂರು ಜೋಡಿ ಎಲಿ

ಹೋದ ವಾರ ಎದುರುಮನಿ ಅಕ್ಕ ಒಂದು ಬುಟ್ಟಿ ಸೊಪ್ಪು ತಂದು ನಮ್ಮ ಕಟ್ಟಿ ಮ್ಯಾಲೆ ಸುರುವಿದ್ಲು. "ನೀನ ನೋಡಿ ಹೇಳಬೇ, ಇದ್ರಾಗ ಯಾವುದು ತಗಚಿ, ಯಾವುದು ಅಲ್ಲ" ಅಂದ್ಲು. ಅರವತ್ತು ದಾಟಿದಾಕಿ, ನನಗಿಂತ ಹತ್ತು ಮಳಿಗಾಲ ಹೆಚ್ಚು ನೋಡಿದಾಕಿ, ನನ್ನ ಕೇಳಾಕ ಬಂದಿದ್ಲು. ನಗು ಬಂತು, ಅದರ ಬೆನ್ನ ಹಿಂದ ಸ್ವಲ್ಪ ಸಂಕಟಾನೂ ಆತು. ಯಾಕಂದ್ರ ಈ ವಿದ್ಯಾ ನಾನು ತಪ್ಪು ಮಾಡಿ ಕಲತದ್ದು. ಊರಾಗ ಅರ್ಧ ಮಂದಿಗೆ ಅರ್ಧ ಕಥಿ ಗೊತ್ತೈತಿ, ಹುಬ್ಬಳ್ಳ್ಯಾಗಿನ ಚಿಗವ್ವನ ಮಕ್ಕಳಿಗೆ ಬ್ಯಾರೇನ ಒಂದು ಕಥಿ ಮುಟ್ಟೈತಿ. ಅದಕ್ಕ ಒಮ್ಮೆ ಪೂರಾ ಬರದುಬಿಡತೀನಿ. ಫೋನಿನ್ಯಾಗ ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಒಣಗೈತಿ.

ತಗಚಿ ಅಂದ್ರ ನಿಮಗೆಲ್ಲ ಗೊತ್ತಿರೋದ. ಮಿರಗಾ ಮಳಿ ಒಂದೆರಡು ಬಿದ್ದ್ರ ಸಾಕು, ದಾರಿ ಬದಿಗೆ, ತಿಪ್ಪಿ ಮ್ಯಾಲೆ, ಬಯಲಾಗ, ಹೊಲದ ವಡ್ಡಿನ ಮ್ಯಾಲೆ ಹಾಸಿದಂಗ ಹುಟ್ಟತೈತಿ. ಬಿತ್ತೋರಿಲ್ಲ, ನೀರು ಹಾಕೋರಿಲ್ಲ. ಶ್ರಾವಣ ದಾಟೋದ್ರಾಗ ಮೊಣಕಾಲು ಮಟ್ಟ ಬರತೈತಿ, ಎಲಿ ಸಂದಿನ್ಯಾಗ ಎರಡೆರಡು ಹಳದಿ ಹೂವು ಬಿಡತೈತಿ, ಚಳಿಗಾಲ ಕಳಿಯೋದ್ರಾಗ ಒಣಗಿ ಕಟಿಗಿ. ಒಂದ ವರ್ಷದ ಬಾಳೇವು. ಹಳದಿ ಪಾತರಗಿತ್ತಿ ಅದರ ಸುತ್ತ ಹಾರ್ಯಾಡತಾವಲ್ಲ, ಅವು ಅದರ ಎಲಿ ಮ್ಯಾಲೇನ ತತ್ತಿ ಇಡೋದು.

ನಮ್ಮತ್ತಿ ಇದ್ದಾಗ ಮಳಿ ಹತ್ತಿ ಹದಿನೈದು ದಿನದಾಗ ಮನ್ಯಾಗ ತಗಚಿ ಪಲ್ಲೆ ಆಗಬೇಕು. ಇಲ್ಲಂದ್ರ ಆಕಿಗೆ ಮಳಿಗಾಲ ಬಂದಂಗ ಅಲ್ಲ. ಎಳೀ ಕುಡಿ ಅಷ್ಟ ಚಿವುಟಬೇಕು. ಒಂದು ಕುದಿ ಕುದಿಸಿ, ಆ ನೀರು ಚೆಲ್ಲಿ, ಗಟ್ಟಿ ಹಿಂಡಬೇಕು. ಹಸೀದಿದ್ದಾಗ ಒಂಥರಾ ನಾತ ಇರತೈತಿ, ನೀರಿನ ಜೋಡಿ ಅದೂ ಹೋಗತೈತಿ. ಆಮ್ಯಾಲೆ ನೆನಸಿದ ತೊಗರಿಬ್ಯಾಳಿ, ಜಜ್ಜಿದ ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣಿ. ಬಿಸಿ ಜ್ವಾಳದ ರೊಟ್ಟಿ, ಮ್ಯಾಲೊಂದು ಚಮಚ ಶೇಂಗಾ ಹಿಂಡಿ. ನಮ್ಮನಿಯವರು ಮದುವಿ ಆದ ಹೊಸದಾಗ ಹನ್ನೊಂದು ರೊಟ್ಟಿ ತಿಂದದ್ದು ಈ ಪಲ್ಲೆ ಜೋಡಿನ. ಈಗ ಎರಡಕ್ಕ ಬಂದು ನಿಂತಾರ, ಅದು ಬ್ಯಾರೆ ಮಾತು.

ಅತ್ತಿ ಶಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ತುಂಗಭದ್ರಾ ನೀರು ಬರೋ ಮೊದಲಿನ ನಮ್ಮ ಸೀಮಿ ನೋಡಿದಾಕಿ. ಮಳಿ ತಪ್ಪಿದ ವರ್ಷ ಬರೇ ಹೊಲದ ಸೊಪ್ಪಿನ ಮ್ಯಾಲೆ ತಿಂಗಳಾನುಗಟ್ಟಲೆ ದಿನ ನೂಕಿದ್ದನ್ನ ಹೇಳತಿದ್ಲು. ಹಕ್ಕರಕಿ, ಗೋಳಿ, ಕಿರಕಸಾಲಿ, ತಗಚಿ, ಪುಂಡಿ. ನನ್ನ ಹೊಲಕ್ಕ ಕರಕೊಂಡು ಹೋದಾಗೆಲ್ಲ ಒಂದ ಮಾತು: "ಜೋಡಿ ಎಣಸು. ಮೂರಿದ್ರ ಉಡ್ಯಾಗ ಹಾಕ್ಕೊ." ನಾನು ಒಮ್ಮೆನೂ ಎಣಸಲಿಲ್ಲ. ಪಿಯುಸಿ ಓದಿದ ಸೊಸಿ, ಎಲಿ ಎಣಸಬೇಕೇನು? ಆಕಿ ಎಲ್ಲಿ ಚಿವುಟತಿದ್ಲೋ ಅಲ್ಲೇ ನಾನೂ ಚಿವುಟತಿದ್ದೆ. ಆಕಿ ಹೋದ ಮ್ಯಾಲೂ ಅದ ಜಾಗಾಕ್ಕ ಹೋಗತಿದ್ದೆ. ಹಿಂಗಾಗಿ ಮೂವತ್ತು ವರ್ಷ ನನ್ನ ತಪ್ಪು ನನಗ ಗೊತ್ತ ಆಗಲಿಲ್ಲ.

ಎರಡು ವರ್ಷದ ಹಿಂದ ದಸರಾ ರಜಾಕ್ಕ ಬೆಂಗಳೂರಿಂದ ಮಗ, ಸೊಸಿ, ಮೊಮ್ಮಗಳು ಚಿನ್ನಿ ಬಂದಿದ್ರು. ಚಿನ್ನಿಗೆ ಆಗ ಐದು. ಹಿತ್ತಲದ ಆಚೀಕ ಸಣ್ಣ ಕಾಲುವಿ ದಂಡಿಗೆ ಬೇವಿನ ಗಿಡ ಐತಲ್ಲ, ಅದರ ಕೆಳಗ ಓಣಿ ಹುಡುಗ್ರ ಜೋಡಿ ಅಡಗಿ ಆಟ ಹೂಡಿದ್ಲು. ತೆಂಗಿನ ಚಿಪ್ಪು, ಮೂರು ಕಲ್ಲು, ಮಣ್ಣಿನ ಅನ್ನ. ಬ್ಯಾಳಿಗೆ ಅಂತ ಅಲ್ಲೇ ಬೆಳದಿದ್ದ ಒಂದು ಗಿಡದ ಕಾಯಿ ಹರದು ಬಿಡಸಾಕ ಹತ್ತಿದ್ಲು. ಹಳದಿ ಹೂವಿನ ಗಿಡ, ನನ್ನ ಭುಜದ ಮಟ್ಟ ಇತ್ತು.

ನಮ್ಮ ಸೊಸಿ ಹಾಸನದ ಕಡೀಕಿ. ಬಾಗಿಲಾಗ ನಿಂತು, "ಅತ್ತೆ, ಇವಳು ಅದೇನೋ ಕಾಯಿ ಬಿಡಿಸ್ಕೊಂಡು ಆಡ್ತಿದ್ದಾಳೆ. ಏನೂ ಆಗಲ್ವಾ?" ಅಂತ ಕೇಳಿದ್ಲು. ನಾನು ರೊಟ್ಟಿ ಬಡಿಯಾಕ ಕುಂತಿದ್ದೆ. ಕಿಟಕ್ಯಾಗಿಂದ ಒಂದು ಹಣಿಕಿ ಹಾಕಿ, "ಅದು ತಗಚಿ ಬಿಡವ್ವ. ನಾವು ಪಲ್ಲೆ ಮಾಡಿ ತಿಂತೀವಿ. ಆಡ್ಲಿ" ಅಂದೆ. ಅಷ್ಟ ಅಲ್ಲ, "ನಿಮ್ಮ ಬೆಂಗಳೂರಾಗ ಮಕ್ಕಳಿಗೆ ಮಣ್ಣ ಮುಟ್ಟಸಂಗಿಲ್ಲ" ಅಂತ ಒಂದು ಚುಚ್ಚು ಮಾತೂ ಸೇರಿಸಿದೆ. ಅದು ಬ್ಯಾಡಾಗಿತ್ತು.

ರಾತ್ರಿ ಉಂಡು ಮಲಗಿದ ಮ್ಯಾಲೆ ಕೂಸು ಎದ್ದು ವಾಂತಿ ಮಾಡ್ತು. ಒಮ್ಮೆ, ಮತ್ತೊಮ್ಮೆ. ಹೊಟ್ಟಿ ನೋವು ಅಂತ ಅಳಾಕ ಹತ್ತಿತು. ದೃಷ್ಟಿ ಆಗಿರಬೇಕು ಅಂತ ನಾನು ಉಪ್ಪು ಮೆಣಸಿನಕಾಯಿ ನಿವಾಳಿಸಾಕ ಎದ್ದೆ. ಸೊಸಿ ಮಗಳ ಕಿವಿ ಹತ್ರ ಮೆಲ್ಲಕ, "ಚಿನ್ನಿ, ಆಟದ ಬೇಳೆ ತಿಂದ್ಯಾ ಪುಟ್ಟ?" ಅಂತ ಕೇಳಿದ್ಲು. ಕೂಸು ತಲಿ ಅಲ್ಲಾಡಿಸ್ತು. ನನ್ನ ಕೈಯಾಗಿನ ಉಪ್ಪು ಕೈಯಾಗ ಉಳೀತು.

ಮಗ ಗಾಡಿ ತೆಗೆಯೋದ್ರಾಗ ನಾನು ಬ್ಯಾಟರಿ ಹಿಡಕೊಂಡು ಬೇವಿನ ಗಿಡದ ಬುಡಕ್ಕ ಓಡಿದೆ. ಆ ಗಿಡ ಬೇರು ಸಮೇತ ಕಿತ್ತೆ, ಆಟದ ಚಿಪ್ಪು, ಬಿದ್ದಿದ್ದ ಸಿಪ್ಪಿ ಎಲ್ಲಾ ಬಳದು ಒಂದು ಅಕ್ಕಿ ಚೀಲದಾಗ ತುಂಬಿದೆ. ಯಾಕ ಹಂಗ ಮಾಡಿದೆ ಅಂದ್ರ, ಹಾವು ಕಡದಾಗ ಹಾವು ತರ್ರಿ ಅಂತ ಕೇಳಿದ್ದು ನೆನಪಿತ್ತು, ಅಷ್ಟ.

ಸಿಂಧನೂರಿನ ದವಾಖಾನ್ಯಾಗ ಡಾಕ್ಟರು ಗಿಡ ತಿರುವಿ ಮುರುವಿ ನೋಡಿದ್ರು. "ತಗಚಿ ಅಂತೀರಿ, ಆದ್ರ ಇದು ನಮ್ಮೂರಾಗಿನ ತಗಚಿ ಹಂಗ ಕಾಣವಲ್ದವ್ವ" ಅಂದ್ರು. ಸಲೈನ್ ಹಚ್ಚಿದ್ರು, ಲಿವರ್ ನೋಡಬೇಕು ಅಂತ ರಕ್ತ ತಗದ್ರು. ನಾನು ಗಿಡದ ಫೋಟೋ ತಗದು ನಮ್ಮಕ್ಕನ ಮಗಗ ಕಳಿಸಿದೆ. ರಾಯಚೂರಾಗ ಕೃಷಿ ಓದತಾನ. ನಡುರಾತ್ರಿ ಫೋನ್ ಎತ್ತಿದ, ಪುಣ್ಯಾತ್ಮ. "ಚಿಗವ್ವ, ಇದು ತಗಚಿ ಅಲ್ಲ, ದೊಡ್ಡ ತಗಚಿ. ಇದರ ಬೀಜ ವಿಷ. ಎಷ್ಟು ತಿಂದಾಳ ಅನ್ನೋದು ಡಾಕ್ಟರಿಗೆ ಬೇಕಾಗತೈತಿ. ಸಿಪ್ಪಿ ಎಣಸು" ಅಂದ.

ದವಾಖಾನಿ ಬೆಂಚಿನ ಮ್ಯಾಲೆ ಸೆರಗು ಹಾಸಿ ಚೀಲ ಸುರುವಿದೆ. ಒಡದ ಕಾಯಿ ಏಳು. ಒಡೀದ ಕಾಯಿ ಒಂದನ್ನ ಬಿಡಿಸಿ ಎಣಸಿದ್ರ ಮೂವತ್ತೆಂಟು ಬೀಜ. ಏಳಕ್ಕ ಇನ್ನೂರಾ ಅರವತ್ತರ ಮ್ಯಾಲೆ ಆತು. ಚಿಪ್ಪಿನ್ಯಾಗಿನವು, ಮಣ್ಣಾಗ ಸೇರಿದವು ಒಂದೊಂದ ಹೆಕ್ಕಿ ಎಣಸಾಕ ಹತ್ತಿದೆ. ಕಣ್ಣಾಗ ನೀರು, ಲೆಕ್ಕ ತಪ್ಪತಿತ್ತು. ನೂರಾ ಹತ್ತಕ್ಕ ಬಂದಾಗ ಸೊಸಿ ಬಂದು ಆ ಕಡೆ ಕುಂತ್ಲು. ಏನೂ ಮಾತಾಡಲಿಲ್ಲ. ಹತ್ತತ್ತರ ಗುಂಪು ಮಾಡಿ ಇಡಾಕ ಹತ್ತಿದ್ಲು. ಎಲ್ಲಾ ಕೂಡಿ ಇನ್ನೂರಾ ನಲವತ್ತೊಂದು ಸಿಕ್ಕವು. ಅಂದ್ರ ಇಪ್ಪತ್ತೈದರ ಸುತ್ತ ಕಡಿಮಿ. ಅದ್ರಾಗ ನೆಲಕ್ಕ ಬಿದ್ದವು ಎಷ್ಟೋ, ಉಗುಳಿದವು ಎಷ್ಟೋ. ಡಾಕ್ಟರಿಗೆ ಹೇಳಿದೆ. "ವಾಂತಿ ಆಗಿದ್ದು ಚಲೋ ಆತು. ಇದಕ್ಕ ಇಂಥಾದ್ದ ಅಂತ ಮದ್ದಿಲ್ಲ, ಎರಡು ದಿನ ಕಣ್ಣಾಗ ಕಣ್ಣಿಟ್ಟು ನೋಡೋಣ" ಅಂದ್ರು.

ಆ ಎರಡು ದಿನದ ಬಗ್ಗೆ ಬರಿಯಂಗಿಲ್ಲ. ಕೂಸು ನಿದ್ದಿ ಮಾಡಿದ್ರ ನಿದ್ದಿನೋ ಮಂಪರೋ ಅಂತ ಎಬ್ಬಿಸಿ ನೋಡತಿದ್ವಿ. ರಕ್ತದ ರಿಪೋರ್ಟ್ ಎರಡು ಸಲಾನೂ ಚಲೋ ಬಂತು. ಮೂರನೇ ದಿನ ಬಿಸ್ಕೀಟು ಬೇಕು ಅಂತ ಹಟ ಮಾಡ್ತು, ಮನಿಗೆ ಕರಕೊಂಡು ಬಂದ್ವಿ.

ದೀಪಾವಳಿಗೆ ಅಕ್ಕನ ಮಗ ಬಂದಾಗ ನಾನು ಅವನ ಕೈ ಹಿಡದು ಕಾಲುವಿ ದಂಡಿಗೆ ಎಳಕೊಂಡು ಹೋದೆ. ಎರಡೂ ಗಿಡ ಕಿತ್ತು ಬಾಜುಕ್ಕ ಇಟ್ಟು, "ಈಗ ತೋರಸು" ಅಂದೆ. ಅವ ಮೊದಲ ಹೇಳಿದ್ದ ಏನು ಗೊತ್ತೇನ್ರಿ? "ಚಿಗವ್ವ, ಜೋಡಿ ಎಣಸು."

ಒಂದು ಕಡ್ಡಿಗೆ ಎದುರಾ ಬದರಾ ಎಲಿ ಇರತಾವಲ್ಲ, ನಮ್ಮ ತಗಚಿಗೆ ಅವು ಮೂರು ಜೋಡಿ. ಶೇಂಗಾ ಎಲಿ ನೆನಪು ಮಾಡ್ಕೊಳ್ರಿ, ಶೇಂಗಾಕ್ಕ ಎರಡು ಜೋಡಿ, ತಗಚಿಗೆ ಇನ್ನೊಂದು ಹೆಚ್ಚು. ಎಲಿ ತುದಿ ದುಂಡಗ, ತುದಿ ಕಡೆ ಅಗಲ, ಬುಡದ ಕಡೆ ಸಣ್ಣ. ಸಂಜಿಗೆ ಕೈ ಮುಗದಂಗ ಮಡಚಿಕೊಳ್ಳತಾವ. ದೊಡ್ಡ ತಗಚಿಗೆ ನಾಕು, ಐದು ಜೋಡಿ, ಒಮ್ಮೊಮ್ಮೆ ಆರೂ ಇರತಾವ, ಎಲಿ ತುದಿ ಭರ್ಚಿ ಹಂಗ ಚೂಪು. ಆದ್ರ ಬರೇ ಎಣಿಕಿ ನಂಬಬ್ಯಾಡ್ರಿ. ಗಿಡ ಬೆಟ್ಟುದ್ದ ಇದ್ದಾಗ ಮೊದಲ ಬರೋ ಎಲಿಗೆ ಜೋಡಿ ಕಡಿಮಿ ಇರತಾವ, ನಾವು ಪಲ್ಲೆಗೆ ಚಿವುಟೋದೂ ಆಗ. ಅದಕ್ಕ ತುದಿ ನೋಡಬೇಕು, ಆಮ್ಯಾಲೆ ಗುಳ್ಳಿ ನೋಡಬೇಕು.

ಗುಳ್ಳಿ ಅನ್ನೋದು ನಾನು ಇಟ್ಟ ಹೆಸರು. ಎರಡೂ ಗಿಡದ ಎಲಿ ಕಡ್ಡಿ ಮ್ಯಾಲೆ ಒಂದು ಸಣ್ಣ ಗಂಟಿನಂಥಾದ್ದು ಇರತೈತಿ, ಅದ್ರಾಗ ಸಿಹಿ ರಸ ಬರತೈತಿ, ಇರವಿ ಅದಕ್ಕ ಮುತ್ತತಾವ. ನಮ್ಮ ತಗಚಿಗೆ ಅದು ಕೆಳಗಿನ ಜೋಡಿ ಎಲಿ ನಡುವ, ಕಿತ್ತಳಿ ಬಣ್ಣದ ಸಣ್ಣ ಕಡ್ಡಿ ನಿಂತಂಗ ಇರತೈತಿ. ದೊಡ್ಡ ತಗಚಿಗೆ ಎಲಿ ನಡುವ ಏನೂ ಇರಂಗಿಲ್ಲ. ಕಡ್ಡಿ ದಂಟಿಗೆ ಕೂಡೋ ಜಾಗದ ಹತ್ರ, ಬುಡದಾಗ, ಸಾಸವಿ ಕಾಳು ಅಂಟಿಸಿದಂಗ ದುಂಡಗ, ಕರ್ರಗ ಕುಂತಿರತೈತಿ. ಗೊತ್ತಾದ ಮ್ಯಾಲೆ ಕಣ್ಣಿಗೆ ತಾನ ಹೊಡಿಯತೈತಿ. ಮೂವತ್ತು ವರ್ಷ ಹೆಂಗ ಕಾಣಲಿಲ್ಲೋ ನನಗ.

ಕಾಯಿ ಬಂದ ಮ್ಯಾಲಂತೂ ತಪ್ಪಂಗ ಇಲ್ಲ. ತಗಚಿ ಕಾಯಿ ಗೇಣುದ್ದ, ಹೆಣಿಯೋ ಸೂಜಿ ಹಂಗ ಸಣ್ಣ, ಕುಡಗೋಲು ಹಂಗ ಬಾಗಿರತೈತಿ, ಒಳಗಿನ ಬೀಜ ಕತ್ತರಿಸಿದಂಗ ಮೂಲಿ ಮೂಲಿ. ದೊಡ್ಡ ತಗಚಿ ಕಾಯಿ ಚಪ್ಪಟಿ, ಮ್ಯಾಲಕ ಸ್ವಲ್ಪ ಬಾಗಿ ನಿಂತಿರತೈತಿ, ನಡುವ ಕೆಂಪು ಕಂದು, ಅಂಚಿಗೆ ತಿಳೀ ಬಣ್ಣ, ಸೀರಿಗೆ ಅಂಚು ಇದ್ದಂಗ. ಬೀಜ ಚಪ್ಪಟಿ. ಮಕ್ಕಳ ಕಣ್ಣಿಗೆ ಅವರಿಕಾಯಿ, ಹೆಸರಕಾಯಿ ಹಂಗ ಕಾಣತೈತಿ. ಬಿಡಸಾಕ ಸಸಾರ. ಅದ ಕೇಡು.

ನಮ್ಮ ಚಿನ್ನಿ ಬಚಾವಾದ್ಲು. ಎಲ್ಲಾ ಕೂಸುಗಳೂ ಆಗಿಲ್ಲ. ಉತ್ತರ ಪ್ರದೇಶದ ಪಶ್ಚಿಮದ ಜಿಲ್ಲಾದಾಗ, ಬಿಜನೋರ್ ಕಡೆ, ಮಳಿಗಾಲ ಮುಗದು ಚಳಿ ಹತ್ತೋ ಹೊತ್ತಿನ್ಯಾಗ ಸಣ್ಣ ಮಕ್ಕಳು ವರ್ಷಾ ವರ್ಷಾ ಸಾಯತಿದ್ವು. ಮೊದಲ ವಾಂತಿ, ಆಮ್ಯಾಲೆ ಎಚ್ಚರ ತಪ್ಪೋದು. ಮೆದುಳು ಜ್ವರ ಅಂತ ಬಾಳ ದಿನ ತಿಳಕೊಂಡಿದ್ರು. ಅಲ್ಲಿ ವೈದ್ಯರು ಬೆನ್ನು ಹತ್ತಿ ನೋಡಿ, ಆಟಾಡ್ತಾ ಈ ಗಿಡದ ಬೀಜ ತಿಂದದ್ದ ಕಾರಣ ಇರಬೇಕು, ಅದು ಲಿವರ್, ಮಾಂಸಖಂಡ, ಮೆದುಳು ಮೂರಕ್ಕೂ ಹೊಡೀತೈತಿ ಅಂತ 2007ರಾಗ ಬರದ್ರು. ಒಡಿಶಾದ ಮಲ್ಕಾನ್‌ಗಿರಿ ಜಿಲ್ಲಾದಾಗ 2016ರಾಗ ನೂರಕ್ಕಿಂತ ಹೆಚ್ಚು ಮಕ್ಕಳು ಹೋದ್ವು. ಜಪಾನಿ ಮೆದುಳು ಜ್ವರ ಅಂದ್ರು. ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ ಅವರ ತಂಡ ಹೋಗಿ ನೋಡಿ, ಬಾಳ ಮಕ್ಕಳ ಸಾವಿಗೆ ಈ ಬೀಜ ಕಾರಣ ಅಂತ ತೋರಿಸ್ತು. ಅಲ್ಲಿಯವರು ತಗಚಿಗೆ ಚಕುಂಡಾ ಅಂತಾರ, ಇದಕ್ಕ ಬಡ ಚಕುಂಡಾ ಅಂತಾರ. ಬಡ ಅಂದ್ರ ದೊಡ್ಡದು. ನಮ್ಮಂಗ ಹೆಸರಿಟ್ಟಾರ ನೋಡ್ರಿ, ನಮ್ಮಂಗ ಬಾಜು ಬಾಜುಕ್ಕ ಬೆಳಿಯತಾವ. ಅಕ್ಕನ ಮಗ ಇದನ್ನ ಓದಿ ಹೇಳಿದ ರಾತ್ರಿ ನನಗ ಊಟ ಸೇರಲಿಲ್ಲ.

ಇದನ್ನ ಕೇಳಿ ಓಣ್ಯಾಗ ಒಬ್ಬರು, "ಹಂಗಂದ್ರ ತಗಚಿನೂ ಬ್ಯಾಡ, ಎಲ್ಲಾ ಕಿತ್ತ ಒಗೀರಿ" ಅಂದ್ರು. ನನಗದು ಒಪ್ಪಿಗಿ ಇಲ್ಲ. ತಗಚಿ ಏನು ಪಾಪ ಮಾಡೈತಿ? ಆಯುರ್ವೇದದಾಗ ಅದು ಚಕ್ರಮರ್ದ, ಗಜಕರ್ಣಕ್ಕ ಅರದು ಹಚ್ಚತಾರ. ದೊಡ್ಡದಕ್ಕೂ ಕಾಸಮರ್ದ ಅಂತ ಹೆಸರೈತಿ, ಕಾಸ ಅಂದ್ರ ಕೆಮ್ಮು. ಆದ್ರ ಅದು ತಿಳದ ವೈದ್ಯರ ಕೆಲಸ, ನಮ್ಮ ಒಲಿ ಮ್ಯಾಲಿನ ಕೆಲಸ ಅಲ್ಲ. ಕೆಲವು ದೇಶದಾಗ ಅದರ ಬೀಜ ಕರ್ರಗ ಹುರದು ಕಾಫಿ ಹಂಗ ಕುಡಿಯತಾರಂತ, ಹುರದ್ರ ವಿಷ ಕಡಿಮಿ ಆಗತೈತಂತ. ಕುಡಿಯಾವ್ರು ಕುಡೀಲಿ. ನನಗ ನನ್ನ ಚಹಾ ಸಾಕು.

ಇನ್ನೊಂದು ಐತಿ, ಮೂರನೇದು. ಎದುರುಮನಿ ಅಕ್ಕನ ಬುಟ್ಟ್ಯಾಗ ಸೇರಿದ್ದು ಅದ. ನಾನು ಕೂದಲ ತಗಚಿ ಅಂತ ಕರಿಯತೀನಿ. ದಂಟಿನ ಮ್ಯಾಲೆ ತುಕ್ಕು ಬಣ್ಣದ ರೋಮ, ಮುಟ್ಟಿದ್ರ ಬೆಕ್ಕಿನ ಮೈ ಮುಟ್ಟಿದಂಗ. ಗುಳ್ಳಿ ಎಲ್ಲಾ ಜೋಡಿ ನಡುವ ಇರತಾವ. ಕಾಯಿ ಗಿಡ್ಡ, ಬೆರಳಿನ ಉದ್ದಾನೂ ಇಲ್ಲ, ನೆಟ್ಟಗ, ಬೀಜ ಬೀಜದ ನಡುವ ದಾರ ಬಿಗದಂಗ ಒಳಗ ಹೋಗಿರತೈತಿ. ಇದು ನಮ್ಮ ನೆಲದ್ದಲ್ಲ, ಅಮೆರಿಕಾ ಖಂಡದ್ದು. ಕಾಂಗ್ರೆಸ್ ಕಸ ತುಳದು ಬೆಳಿಯತೈತಿ ಅಂತ ಕೃಷಿ ವಿಜ್ಞಾನಿಗಳ ಇದರ ಬೀಜ ಉಗ್ಗಸಿದ್ರು. ಕಸಕ್ಕ ಕಸ ಮದ್ದು. ಈಗ ರಸ್ತೆದ ಎರಡೂ ಬದಿಗೆ ಇದ ತುಂಬೈತಿ, ದನಾನೂ ಮೂಸಂಗಿಲ್ಲ. ದನ ಮೂಸದ್ದನ್ನ ನಾವ್ಯಾಕ ಬೇಯಸೋದು, ಅಕ್ಕನ ಬುಟ್ಟ್ಯಾಗಿಂದ ಎಲ್ಲಾ ಆರಸಿ ತಗದೆ.

ತಗಚ್ಯಾಗೂ ಮತ್ತ ಎರಡು ಅದಾವು ಅಂತ ಅಕ್ಕನ ಮಗ ಶುರು ಮಾಡಿದ. ಒಂದಕ್ಕ ಕಾಯಿ ತೊಟ್ಟು ಗಿಡ್ಡ, ಕೆಳಗಿನ ಎರಡು ಜೋಡಿಗೂ ಗುಳ್ಳಿ. ಇನ್ನೊಂದಕ್ಕ ತೊಟ್ಟು ಉದ್ದ, ಎಲ್ಲಕ್ಕಿಂತ ಕೆಳಗಿನ ಜೋಡಿಗೆ ಅಷ್ಟ ಗುಳ್ಳಿ. ಸ್ವೀಡನ್ನಿನ ಲಿನೇಯಸ್ ಅನ್ನೋ ಪಂಡಿತ 1753ರಾಗ ಅವೆರಡಕ್ಕೂ ಬ್ಯಾರೆ ಬ್ಯಾರೆ ಹೆಸರಿಟ್ಟನಂತ, ಆಮ್ಯಾಲಿನವರು ಎರಡೂ ಒಂದ ಅಂತ ಬಾಳ ವರ್ಷ ಜಗಳಾಡಿದ್ರಂತ. ನಾನು ಕೈ ಮುಗದೆ. "ಎರಡೂ ಪಲ್ಲೆ ಆಗತಾವೇನಪ್ಪಾ?" ಅಂತ ಕೇಳಿದೆ. "ಎರಡನ್ನೂ ತಿಂತಾರ ಚಿಗವ್ವ" ಅಂದ. ಅಲ್ಲಿಗೆ ಬಿಟ್ಟೆ.

ಅಂದಂಗ, ನೆಲ್ಲಿನ ಗದ್ದಿ ವಡ್ಡಿನ ಮ್ಯಾಲಿಂದು ಯಾವ ಪಲ್ಲೆನೂ ಹರಿಯಬ್ಯಾಡ್ರಿ ಈಗ. ಕಸದ ಎಣ್ಣಿ ಹೊಡದಿರತಾರ. ಗಿಡ ಹಸರ ಕಾಣತಿರತೈತಿ, ಎರಡು ದಿನ ಬಿಟ್ಟು ಬಾಡತೈತಿ. ನಾನು ಎಣ್ಣಿ ಹೊಡೀದ ಒಣಬೇಸಾಯದ ಹೊಲಕ್ಕ ನಡಕೊಂಡು ಹೋಗಿ ತರತೀನಿ. ಕಾಲುವಿ ದಂಡಿಗೆ ಇದ್ದ ದೊಡ್ಡ ತಗಚಿ ಎಲ್ಲಾ ಹೂವು ಬಿಡೋ ಮೊದಲ ಕಿತ್ತ ಹಾಕೀವಿ, ಓಣಿ ಹೆಣಮಕ್ಕಳೆಲ್ಲ ಸೇರಿ. ಹಿಂದಿನ ಬೀಜ ನೆಲದಾಗ ಇರತಾವ, ಈ ಸಲಾನೂ ಹುಟ್ಯಾವ. ಮತ್ತ ಕೀಳಬೇಕು.

ಸೊಸಿ ನನಗ ಒಂದು ಮಾತೂ ಅನ್ನಲಿಲ್ಲ, ಅವತ್ತೂ, ಆಮ್ಯಾಲೂ. ಅಂದಿದ್ರ ಚಲೋ ಇತ್ತು. ಹೋದ ವರ್ಷ ಮಳಿಗಾಲದಾಗ ಬಂದಾಗ ತಗಚಿ ಪಲ್ಲೆ ಮಾಡಿದ್ದೆ. ಆಕಿ ತಾಟಿಗೆ ಹಾಕ್ಕೊಳ್ಳಲಿಲ್ಲ, ಕೂಸಿನ ತಾಟಿಗೂ ಹಾಕಲಿಲ್ಲ. ಬಟ್ಟಲಾ ಮೆಲ್ಲಕ ಆ ಕಡೆ ಸರಿಸಿ ಮೊಸರು ಕೇಳಿದ್ಲು. ನಾನೂ ಒತ್ತಾಯ ಮಾಡಲಿಲ್ಲ. ಯಾವ ಬಾಯಿಲೆ ಮಾಡ್ಲಿ?

ಮೊನ್ನೆ ಫೋನಿಗೆ ಒಂದು ಫೋಟೋ ಬಂತು. ಅವರ ಅಪಾರ್ಟ್‌ಮೆಂಟ್ ಬಾಜೂಕಿನ ಖಾಲಿ ಸೈಟ್ ಅಂತ. "ಅತ್ತೆ, ಇದು ಯಾವುದು?" ಅಂತ ಕೆಳಗ ಬರದಿದ್ಲು. ಕನ್ನಡಕ ಹಾಕ್ಕೊಂಡು ಎಳದು ದೊಡ್ಡದು ಮಾಡಿ ನೋಡಿದೆ. ಐದು ಜೋಡಿ, ತುದಿ ಚೂಪು, ಬುಡದಾಗ ಕರೀ ಸಾಸವಿ. "ದೊಡ್ಡದು, ಕಿತ್ತಸು" ಅಂತ ಹಾಕಿದೆ. ವಾಚ್‌ಮನ್‌ಗೆ ಹೇಳಿ ಕಿತ್ತಸಿದೆ ಅಂತ ಸಂಜಿಗೆ ಬರದ್ಲು. ಅದರ ಹಿಂದ ಇನ್ನೊಂದು ಫೋಟೋ. ಚಿನ್ನಿ ಕೈಯಾಗ ಒಂದು ಎಲಿ ಕಡ್ಡಿ ಹಿಡಕೊಂಡಿದ್ಲು. ಮೂರು ಜೋಡಿ, ದುಂಡನ ತುದಿ.

"ಅದು ನಮ್ಮದು" ಅಂತ ಬರದೆ. ನೀಲಿ ಗುರುತು ಬಂತು, ಮತ್ತೇನೂ ಬರಲಿಲ್ಲ. ಮರುದಿನ ಮುಂಜಾನೆ ಫೋನ್ ಮಾಡಿದ್ಲು. ಅದೂ ಇದೂ ಮಾತಾಡಿ, ಇಡೋ ಹೊತ್ತಿಗೆ, "ಅತ್ತೆ, ತೊಗರಿಬೇಳೆ ಎಷ್ಟೊತ್ತು ನೆನೆಸ್ಬೇಕು?" ಅಂತ ಕೇಳಿದ್ಲು.